ಕೋಲಿಗೆ ಎರಡು ಲಕ್ಷ

ಮಗಳಿಗೆ ವೀಣೆ ಕೊಡಿಸಬೇಕು ಅಂದರೆ ನಮ್ಮ ಕಡೆ ಯಾರೂ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ. ಸಾಲ ಮಾಡಿಯಾದರೂ ಕೊಡಿಸು ಅನ್ನುವವರೇ ಹೆಚ್ಚು. ವಾದ್ಯ ಕಣ್ಣಿಗೆ ಕಾಣುತ್ತದೆ, ಮನೆಯಲ್ಲಿ ಒಂದು ಜಾಗ ಹಿಡಿಯುತ್ತದೆ, ಆಯುಧಪೂಜೆಗೆ ಹೂವು ಮುಡಿಸಿಕೊಳ್ಳುತ್ತದೆ. ಅದೇ, ತಂತಿ ಮೇಲೆ ಉಜ್ಜುವ ಕಮಾನಿಗೆ ಬೇರೆಯಾಗಿ 2,200 ಯೂರೋ ಬೇಕು ಅಂತ ಹೇಳಿ ನೋಡಿ. ಮೈಸೂರಿನಿಂದ ನನ್ನ ಅಕ್ಕ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಕೋಲಿಗೆ ಎರಡು ಲಕ್ಷಾನೇನೇ?"

ನ್ಯಾಯವಾದ ಪ್ರಶ್ನೆಯೇ. ಅವಳ ಮಗಳು ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಹಳೆಯ ಯುರೋಪಿನ ಸಂಗೀತ ಕಲಿಯುತ್ತಿದ್ದಾಳೆ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಪಿಟೀಲು ಕಲಿತವಳು. ಇಲ್ಲಿಗೆ ಬಂದ ಮೇಲೆ ಎಲ್ಲೋ ವಿಯೋಲಾ ದ ಗಾಂಬಾ ಕೇಳಿ, ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಇದರ ಹಿಂದೆ ಬಿದ್ದಳು. ಅಕ್ಕನಿಗೆ ಆ ಹೆಸರನ್ನು ಹೇಳುವುದಕ್ಕೇ ಎರಡು ತಿಂಗಳು ಹಿಡಿಯಿತು. ಈಗಲೂ ಸುಮ್ನೆ "ಅದೇ ಆ ಗೊಂಬೆ" ಅಂತಾಳೆ.

ದೂರದಿಂದ ನೋಡಿದರೆ ಅದು ಚೆಲ್ಲೊ, ಅಂದರೆ ಕೂತು ನುಡಿಸುವ ದೊಡ್ಡ ಪಿಟೀಲು, ಅನ್ನಿಸುತ್ತದೆ. ಹತ್ತಿರ ಹೋದರೆ ಬೇರೆಯೇ. ನೆಲಕ್ಕೆ ಊರುವ ಕಂಬಿ ಇಲ್ಲ, ಎರಡು ಮೀನಖಂಡಗಳ ನಡುವೆ ಒತ್ತಿ ಹಿಡಿದು ಕೂರಬೇಕು. ಆರು ತಂತಿ, ಫ್ರೆಂಚ್ ಮಾದರಿಯಾದರೆ ಏಳು. ವೀಣೆಗಿರುವಂತೆ ಮೆಟ್ಟಿಲುಗಳೂ ಇವೆ. ಆದರೆ ಮೇಣದಲ್ಲಿ ಕೂರಿಸಿದ ಲೋಹದ ಮೆಟ್ಟಿಲಲ್ಲ, ಕುತ್ತಿಗೆಗೆ ಕರುಳಿನ ದಾರ ಸುತ್ತಿ ಗಂಟು ಹಾಕಿರುತ್ತಾರೆ. ತಂತಿಯೂ ಕುರಿಯ ಕರುಳೇ. (ಈ ವಿಷಯ ನಮ್ಮಮ್ಮನಿಗೆ ಇನ್ನೂ ಹೇಳಿಲ್ಲ.) ಕಮಾನು ಹಿಡಿಯುವುದಂತೂ ಪೂರ್ತಿ ತಿರುವುಮುರುವು. ಪಿಟೀಲಿನವರು ಮೇಲಿನಿಂದ ಹಿಡಿಯುತ್ತಾರೆ. ಗಾಂಬಾದವರು ಸಾರಂಗಿಯವರ ಹಾಗೆ ಕೆಳಗಿನಿಂದ, ಅಂಗೈ ಮೇಲೆ ಮಾಡಿ ಹಿಡಿಯುತ್ತಾರೆ. ಪಿಟೀಲಿನಲ್ಲಿ ಎಳೆಯುವ ಏಟು ಜೋರು, ಇದರಲ್ಲಿ ತಳ್ಳುವ ಏಟು ಜೋರು. ಹತ್ತು ವರ್ಷ ಪಿಟೀಲು ನುಡಿಸಿದ ಕೈಗೆ ಇದನ್ನು ಒಪ್ಪಿಸುವಷ್ಟರಲ್ಲಿ ಹುಡುಗಿ ಹೈರಾಣಾಗಿ ಹೋಗಿದ್ದಳು.

ಒಂದು ಕಾಲಕ್ಕೆ ಈ ವಾದ್ಯ ಅರಮನೆಗಳ ಮುದ್ದಿನ ಕೂಸು. ಪ್ಯಾರಿಸ್ಸಿನ ಚಪ್ಪಲಿ ಹೊಲಿಯುವವನ ಮಗ ಮಾರೆಂ ಮಾರೆ 1679ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಯ ಆಸ್ಥಾನದಲ್ಲಿ ಗಾಂಬಾ ವಾದಕನಾದ. 1686ರಿಂದ 1725ರವರೆಗೆ ಐದು ಪುಸ್ತಕಗಳ ತುಂಬ ಗಾಂಬಾ ಸಂಗೀತ ಬರೆದು ಅಚ್ಚು ಹಾಕಿಸಿದ. ಆಮೇಲೆ ದೊಡ್ಡ ಸಭಾಂಗಣಗಳು ಬಂದವು, ಜೋರು ದನಿಯ ಚೆಲ್ಲೊ ಬಂತು. 1787ರಲ್ಲಿ ಲಂಡನ್ನಿನಲ್ಲಿ ಗಾಂಬಾ ವಾದಕ ಕಾರ್ಲ್ ಫ್ರೀಡ್ರಿಶ್ ಆಬೆಲ್ ತೀರಿಕೊಂಡ ಮೇಲೆ ಗಾಂಬಾ ಹೆಚ್ಚುಕಡಿಮೆ ಅಟ್ಟ ಸೇರಿತು. ಮತ್ತೆ ಕೆಳಗಿಳಿದಿದ್ದು ನೂರು ವರ್ಷ ಕಳೆದು, ಅರ್ನಾಲ್ಡ್ ಡಾಲ್ಮೆಚ್ ಥರದ, ಹಳೆಯ ಸಂಗೀತದ ಹುಚ್ಚು ಹಿಡಿದವರಿಂದ. 1933ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹಳೆಯ ಸಂಗೀತಕ್ಕೇ ಒಂದು ಶಾಲೆ ಶುರುವಾಯಿತು. ಆಮೇಲೆ ಹೇಗ್ ಕೂಡ ಅಂಥದೊಂದು ದೊಡ್ಡ ಕೇಂದ್ರವಾಯಿತು.

ಅಟ್ಟ ಸೇರಿದ ವಾದ್ಯಗಳು ಎಷ್ಟೋ ಉಳಿದುಕೊಂಡವು. ಕಮಾನುಗಳು ಉಳಿಯಲಿಲ್ಲ. ನಮ್ಮ ತಾಪತ್ರಯ ಶುರುವಾಗುವುದು ಇಲ್ಲಿಂದ. ಹಳೆಯ ಪಿಟೀಲುಗಳಿಗೆ ಹೊಸ ಕುತ್ತಿಗೆ ಕೂರಿಸಿ ಹೊಸ ಕಾಲಕ್ಕೆ ಒಗ್ಗಿಸಿಕೊಂಡರು. ಕಮಾನನ್ನು ಯಾರು ಒಗ್ಗಿಸುತ್ತಾರೆ? 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಫ್ರಾಂಸ್ವಾ ತೂರ್ತ್ ಇವತ್ತಿನ ಮಾದರಿಯ ಕಮಾನಿಗೆ ರೂಪ ಕೊಟ್ಟ ಮೇಲೆ ಹಳೆಯವು ಮೂಲೆಗೆ ಬಿದ್ದವು, ಒಲೆಗೂ ಬಿದ್ದಿರಬಹುದು. ತೂರ್ತ್ ಮಾದರಿಯಲ್ಲಿ ಕಡ್ಡಿ ಕುದುರೆ ಕೂದಲಿನ ಕಡೆಗೆ, ಒಳಗೆ ಬಾಗಿರುತ್ತದೆ. ಹಳೆಯದರಲ್ಲಿ ಹೊರಕ್ಕೆ, ಬೇಟೆಯ ಬಿಲ್ಲಿನ ಹಾಗೆ. ಈಗ ಬೇಕು ಅಂದರೆ ಮ್ಯೂಸಿಯಂಗಳಲ್ಲಿ ಉಳಿದ ಕೆಲವೇ ಕಮಾನುಗಳನ್ನು ಅಳೆದು, ಹಳೆಯ ಚಿತ್ರಗಳನ್ನು ನೋಡಿ, ಕೈಯಲ್ಲಿ ಮಾಡುವ ಒಬ್ಬರನ್ನು ಹುಡುಕಬೇಕು. ಊರಿನ ಮ್ಯೂಸಿಕ್ ಅಂಗಡಿಗೆ ಹೋಗಿ "ಒಂದು ಕೊಡಿ" ಅನ್ನುವ ಸಾಮಾನಲ್ಲ. ಕಾರ್ಖಾನೆಯಲ್ಲಿ ತಯಾರಾದ ಅಗ್ಗದ ಬರೋಕ್ ಕಮಾನುಗಳು, ಅಂದರೆ ಆ ಹಳೆಯ ಮಾದರಿಯವು, ಆನ್‌ಲೈನಿನಲ್ಲಿ ಸಿಗುತ್ತವೆ. ನೋಡೋಕೆ ಚೆನ್ನಾಗೇ ಇರುತ್ತವೆ.

ನಮ್ಮ ಹುಡುಗಿ ನುಡಿಸುವ ಗಾಂಬಾ ಬಾಡಿಗೆಯದು. ನಿವೃತ್ತರಾದ ವಾದಕರೊಬ್ಬರು ತಿಂಗಳಿಗಿಷ್ಟು ಅಂತ ಕೊಟ್ಟಿದ್ದಾರೆ. ಒಳ್ಳೆಯ ವಾದ್ಯ. ಜೊತೆಗೆ ಬಂದ ಕಮಾನು ಮಾತ್ರ ತುದಿ ಭಾರ, ಮಧ್ಯದಲ್ಲಿ ಸ್ವಲ್ಪ ತಿರುಚಿಕೊಂಡಿತ್ತು. ಮೊದಲ ವರ್ಷ ಅದರಲ್ಲೇ ಕಳೆಯಿತು. ಎರಡನೇ ವರ್ಷದ ಹೊತ್ತಿಗೆ ಅವಳ ಬಲಗೈ ಹೆಬ್ಬೆರಳಿನ ಬುಡ ನೋಯಲು ಶುರುವಾಯಿತು. ಟೀಚರ್ ಒಂದು ದಿನ ತಮ್ಮ ಕಮಾನನ್ನು ಅವಳ ಕೈಗೆ ಕೊಟ್ಟು ಅದೇ ಪುಟ ಮತ್ತೆ ನುಡಿಸಲು ಹೇಳಿದರು. ಮುಗಿದ ಮೇಲೆ ಹೇಳಿದರಂತೆ: "ನಿನ್ನ ಕೈಯಲ್ಲಿ ದೋಷ ಇಲ್ಲ. ಇಷ್ಟು ದಿನ ನೀನು ಆ ಕೋಲನ್ನು ತಿದ್ದುತ್ತಾ ಕೂತಿದ್ದೆ."

ಆ ಮಾತು ನನಗೆ ಅರ್ಥವಾಗಿದ್ದು ಕಮಾನು ಆರಿಸುವ ವಾರದಲ್ಲಿ. ಇಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಕಮಾನು ಮಾಡುವವರು ಎರಡು ಮೂರು ಕಳಿಸಿ, ಒಂದಷ್ಟು ದಿನ ಇಟ್ಟುಕೊಂಡು ನುಡಿಸಿ ನೋಡಿ ಅನ್ನುತ್ತಾರೆ. ರಟ್ಟಿನ ಉದ್ದ ಕೊಳವೆಯಲ್ಲಿ ಮೂರು ಬಂದವು. ನಾನು ಹಾಡು ನುಡಿಸುತ್ತಾಳೆ ಅಂದುಕೊಂಡು ಕಾಫಿ ಹಿಡಿದು ಕೂತೆ. ಅವಳು ನುಡಿಸಿದ್ದು ಒಂದೇ ಸ್ವರ. ಎಲ್ಲಕ್ಕಿಂತ ದಪ್ಪನೆಯ ಕೆಳಗಿನ ತಂತಿ, ಬೆರಳೂ ಒತ್ತದೆ. ಮತ್ತೆ ಮತ್ತೆ ಅದೇ. ಪ್ರತಿ ಸಲ ಕಮಾನು ತಂತಿಗೆ ತಾಗುವ ಆ ಒಂದು ಕ್ಷಣವನ್ನಷ್ಟೇ ಅವಳು ಕೇಳಿಸಿಕೊಳ್ಳುತ್ತಿದ್ದಳು.

ಕರುಳಿನ ತಂತಿ ಸೋಮಾರಿ. ಸ್ಟೀಲ್ ತಂತಿಯ ಹಾಗೆ ಮುಟ್ಟಿದ ಕೂಡಲೇ ನುಡಿಯುವುದಿಲ್ಲ. ಕಮಾನಿನ ಕೂದಲು ಅದನ್ನು ಒಂದು ಕ್ಷಣ ಕಚ್ಚಿ ಹಿಡಿದು ಬಿಡಬೇಕು. ಬೇಗ ಬಿಟ್ಟರೆ ಬರೀ ಗಾಳಿ, ತಡವಾದರೆ ಕರ್ ಅಂತ ಕೆರೆತ. ಮೊದಲನೇ ಕಮಾನು ಎತ್ತಲು ಹಗುರ, ಆದರೆ ದಪ್ಪ ತಂತಿಯ ಮೇಲೆ ಜಾರುತ್ತಿತ್ತು. ಎರಡನೆಯದು ಅದೇ ತಂತಿಯಲ್ಲಿ ಗಟ್ಟಿಯಾಗಿ ಕೂತು, ಮೇಲಿನ ಸಣ್ಣ ತಂತಿಗೆ ದಾಟುವಾಗ ತಡವರಿಸುತ್ತಿತ್ತು. ಮೂರನೆಯದು ಹಾವಿನ ಚರ್ಮದಂಥ ಮಚ್ಚೆ ಇದ್ದ ಕಂದು ಮರದ್ದು. ಅದನ್ನು ಹಿಡಿದು ಅವಳು ಮಾರೆಯ ಒಂದು ಪುಟ ತೆಗೆದಳು. ಮಾರೆ ತನ್ನ ನಂತರದ ಪುಸ್ತಕಗಳಲ್ಲಿ ಕೆಲವು ಸ್ವರಗಳ ಮೇಲೆ ಚಿಕ್ಕದಾಗಿ 'ಇ' (e) ಅಕ್ಷರ ಹಾಕಿದ್ದಾನೆ. ಅಲ್ಲಿ ಕಮಾನನ್ನು ಒತ್ತಿ ಸ್ವರವನ್ನು ಉಬ್ಬಿಸಬೇಕು. ಗಾಂಬಾ ಹಿಡಿತದಲ್ಲಿ ನಡುಬೆರಳು ಕಮಾನಿನ ಕೂದಲಿನ ಮೇಲೇ ಇರುತ್ತದೆ. ಸ್ವರ ನಡೆಯುತ್ತಿರುವಾಗಲೇ ಕೂದಲನ್ನು ಬಿಗಿ ಮಾಡಬಹುದು, ಸಡಿಲ ಬಿಡಬಹುದು. ಪಿಟೀಲಿನವರಿಗೆ ಈ ಅನುಕೂಲ ಇಲ್ಲ. ಬಾಡಿಗೆಯ ಕಮಾನಿನಲ್ಲಿ ಆ 'ಇ' ಬಂದಾಗಲೆಲ್ಲ ನನಗೆ ಸ್ವರದ ಮಧ್ಯೆ ಒಂದು ಗಂಟು ಕೇಳಿಸುತ್ತಿತ್ತು. ಈಗ ಗಂಟಿಲ್ಲ. ಸ್ವರ ತಾನಾಗಿ ದೊಡ್ಡದಾಗಿ, ತಾನಾಗಿ ಸಣ್ಣದಾಯಿತು. ಗಾಂಬಾ ಬಗ್ಗೆ ಏನೂ ಗೊತ್ತಿಲ್ಲದ ನನ್ನ ಗಂಡ ಕೂಡ ಅಡುಗೆಮನೆಯಿಂದ ಹೊರಗೆ ಬಂದು "ಯಾವುದದು?" ಅಂದರು.

ಅದರ ಬೆಲೆಯೇ 2,200. ಮೂರರಲ್ಲಿ ಅದೇನೂ ಅತಿ ದುಬಾರಿಯದಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಇಷ್ಟು ಯಾಕೆ ಅಂತ ಮಾಡಿದವರನ್ನೇ ಕೇಳಿದೆ. ಮರದ ಕಥೆ ಶುರುವಾಯಿತು. ಇದು ಸ್ನೇಕ್‌ವುಡ್. ದಕ್ಷಿಣ ಅಮೆರಿಕದ ಸುರಿನಾಮ್, ಗಯಾನಾ ಕಡೆಯ ಕಾಡಿನದು. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಮರ ನಿಧಾನಕ್ಕೆ ಬೆಳೆಯುತ್ತದೆ, ಮಚ್ಚೆ ಇರುವುದು ನಡುವಿನ ತಿರುಳಿಗೆ ಮಾತ್ರ, ಒಣಗುವಾಗ ಸೀಳುತ್ತದೆ. ಒಂದು ನೆಟ್ಟನೆ ಕಡ್ಡಿ ಸಿಗುವಷ್ಟರಲ್ಲಿ ಎಷ್ಟೋ ತುಂಡು ಬಿಸಾಕಬೇಕು. ಆಮೇಲೆ ಪುಟ್ಟ ಕೀಸುಳಿಯಲ್ಲಿ ಕೂದಲೆಳೆಯಷ್ಟು ಕೀಸುವುದು, ಬಗ್ಗಿಸಿ ನೋಡುವುದು, ಮತ್ತೆ ಕೀಸುವುದು. ಜಾಸ್ತಿ ಕೀಸಿದರೆ ಮುಗಿಯಿತು, ಮತ್ತೆ ಅಂಟಿಸೋಕಾಗುವುದಿಲ್ಲ. ಇವತ್ತಿನ ಮಾದರಿಯ ಕಮಾನಿಗೆ ಬ್ರೆಜಿಲ್ಲಿನ ಪೆರ್ನಂಬುಕೊ ಮರ ಬೇಕು. ಅದರ ಗತಿ ಇನ್ನೂ ಕಷ್ಟ. ಕಡಿದು ಕಡಿದು ಅಪರೂಪವಾಗಿ, 2007ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಗಾ ಇಡುವ ಸೈಟಿಸ್ ಪಟ್ಟಿಗೆ ಸೇರಿತು.

ಇನ್ನು ದುಡ್ಡಿನ ವಿಷಯ.

ದುಡ್ಡು ಕೊಡುವ ಸಂಸ್ಥೆಗಳು ಇಲ್ಲವೇ ಇಲ್ಲ ಅಂತಲ್ಲ. ನೆದರ್‌ಲ್ಯಾಂಡ್ಸಿನಲ್ಲಿ 1988ರಲ್ಲಿ ಶುರುವಾದ ರಾಷ್ಟ್ರೀಯ ವಾದ್ಯ ನಿಧಿ ಇದೆ. ವಾದ್ಯಗಳನ್ನೂ ಕಮಾನುಗಳನ್ನೂ ಕಲಾವಿದರಿಗೆ ಎರವಲು ಕೊಡುತ್ತದೆ. ಬ್ರಿಟನ್ನಿನ ಗಾಂಬಾ ಸೊಸೈಟಿ 1948ರದು, ಅಮೆರಿಕದ್ದು 1962ರದು. ಎರಡೂ ಕಡೆ ಕಲಿಯುವವರಿಗೆ ಬಾಡಿಗೆಗೆ ವಾದ್ಯ ಸಿಗುತ್ತದೆ. ಬ್ರಿಟನ್ನಿನಲ್ಲಿ ವಾದ್ಯ ಕೊಳ್ಳಲು ಬಡ್ಡಿಯಿಲ್ಲದ ಸಾಲದ ಯೋಜನೆಯೂ ಇದೆ. ಇಷ್ಟೆಲ್ಲ ಇದ್ದೂ ನಮ್ಮಂಥವರ ಅರ್ಜಿ ನಡುವೆ ಸಿಕ್ಕಿಕೊಳ್ಳುತ್ತದೆ. ಹುಡುಗಿ ಇನ್ನೂ ಎರಡನೇ ವರ್ಷದವಳು, ಸ್ಪರ್ಧೆ ಗೆದ್ದವಳಲ್ಲ, ಯುರೋಪಿನ ಪಾಸ್‌ಪೋರ್ಟ್ ಇಲ್ಲ. ಒಂದು ಟ್ರಸ್ಟಿನಿಂದ ಬಂದ ಉತ್ತರದಲ್ಲಿ, ನಾವು ವಾದ್ಯಗಳಿಗೆ ಸಹಾಯ ಮಾಡುತ್ತೇವೆ, ಬಿಡಿ ಸಾಮಾನುಗಳಿಗಲ್ಲ ಅಂತ ಇತ್ತು. ಅವರ ಪಟ್ಟಿಯಲ್ಲಿ ಕಮಾನು, ವಾದ್ಯದ ಪೆಟ್ಟಿಗೆ, ನೋಟ್ಸ್ ಇಡುವ ಸ್ಟ್ಯಾಂಡ್ ಎಲ್ಲ ಒಂದೇ ಸಾಲಿನಲ್ಲಿ. ಅರ್ಧ ಸಂಗೀತವನ್ನು ಬಿಡಿ ಸಾಮಾನು ಅಂದುಬಿಟ್ಟರಲ್ಲ ಅಂತ ನನಗೆ ಉರಿದುಹೋಯಿತು. ಹುಡುಗಿ ಮಾತ್ರ ನಕ್ಕು, "ಚಿಕ್ಕಮ್ಮ, ಅವರಿಗೆ ಫೋಟೋದಲ್ಲಿ ಹಾಕೋಕೆ ಏನಾದ್ರೂ ದೊಡ್ಡದು ಬೇಕು" ಅಂದಳು. ಅವಳ ಮಾತಿನಲ್ಲಿ ಸತ್ಯ ಇದೆ. ದಾನಿಯ ಪಕ್ಕದಲ್ಲಿ ಗಾಂಬಾ ಹಿಡಿದು ನಿಂತರೆ ಚಿತ್ರ ತುಂಬುತ್ತದೆ. ಕಮಾನು ಹಿಡಿದು ನಿಂತರೆ ಮಕ್ಕಳನ್ನು ಹೆದರಿಸಲು ಹೊರಟ ಮೇಷ್ಟರ ಹಾಗೆ ಕಾಣುತ್ತದೆ.

ಆನ್‌ಲೈನಿನಲ್ಲಿ ಜನರಿಂದ ಹಣ ಎತ್ತುವ ದಾರಿಯೂ ಇತ್ತು. ಇಲ್ಲಿ ಕಲೆಗೆ ಅಂತಲೇ ಅಂಥ ತಾಣ ಇದೆ. ಅವಳ ಸಹಪಾಠಿಗಳು ಕೆಲವರು ಮಾಡಿದ್ದಾರೆ, ಚೆನ್ನಾಗಿಯೇ ಆಗಿದೆ. ನನಗೆ ಮನಸ್ಸು ಬರಲಿಲ್ಲ. ವಿಡಿಯೊ ಮಾಡಬೇಕು, ನನ್ನ ಕನಸು ಅಂತ ಮೊದಲುಮಾಡಿ ಒಂದು ಕಥೆ ಹೇಳಬೇಕು, ವಾರಕ್ಕೆರಡು ಸಲ ಎಲ್ಲರಿಗೂ ನೆನಪಿಸಬೇಕು. ಅಭ್ಯಾಸದ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಇದು ನನ್ನ ಅಭಿಪ್ರಾಯ ಅಷ್ಟೇ, ಅವಳ ವಯಸ್ಸಿನವರು ಇದನ್ನೆಲ್ಲ ಇಷ್ಟು ಹಚ್ಚಿಕೊಳ್ಳುವುದಿಲ್ಲ.

ಮಹಾರಾಜರ ಕಾಲವೇ ಚೆನ್ನಾಗಿತ್ತು ಅಂತ ಅಕ್ಕ ಒಮ್ಮೆ ಅಂದಳು. ಮೈಸೂರಿನವರಿಗೆ ಆ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಈ ವಿಷಯದಲ್ಲಿ ಅವಳು ಹೇಳಿದ್ದರಲ್ಲಿ ತಪ್ಪೂ ಇಲ್ಲ. ಜಯಚಾಮರಾಜೇಂದ್ರ ಒಡೆಯರ್ ಪಾಶ್ಚಾತ್ಯ ಸಂಗೀತದ ದೊಡ್ಡ ಪ್ರೇಮಿ. ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಹೆಚ್ಚು ಜನ ಕೇಳದೆ ಉಳಿದಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ರೆಕಾರ್ಡ್ ಮಾಡಲು ಹಣ ಕೊಟ್ಟವರು ಅವರೇ. ಮೆಟ್ನರ್ ತಮ್ಮ 3ನೇ ಪಿಯಾನೊ ಕಾನ್ಚೆರ್ಟೊವನ್ನು (ವಾದ್ಯವೃಂದದ ಜೊತೆ ನುಡಿಸುವ ಪಿಯಾನೊ ಕೃತಿ) ಮಹಾರಾಜರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಮೊದಲ ಸಲ ಹಾಡಿದ ಕಚೇರಿಯ ಹಿಂದೆಯೂ ಮೈಸೂರಿನ ದುಡ್ಡಿತ್ತು. ನಮ್ಮೂರಿನ ಖಜಾನೆಯಿಂದ ಯುರೋಪಿನ ಸಂಗೀತಕ್ಕೆ ಹಣ ಹೋದ ಕಾಲ ಅದು. ಆದರೆ ಅವರು ಕೊಟ್ಟಿದ್ದು ಹೆಸರು ಮಾಡಿದ ದೊಡ್ಡವರಿಗೆ. ಎರಡನೇ ವರ್ಷದ ಹುಡುಗಿಯ ಕಮಾನು ಆಸ್ಥಾನದವರೆಗೆ ತಲುಪುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ಕೊನೆಗೆ ಕೆಲಸಕ್ಕೆ ಬಂದಿದ್ದು ಎರಡು ಹಳೆಯ ದಾರಿಗಳು.

ಒಂದು ಇಲ್ಲಿಯದು. ಮನೆಯಲ್ಲಿ ಕಚೇರಿ ಇಡುವುದು ಇಲ್ಲಿ ಮಾಮೂಲಿ. ಕುರ್ಚಿ ಜೋಡಿಸಿ ನೆರೆಹೊರೆಯವರನ್ನು ಕರೆಯುತ್ತಾರೆ, ಹೊರಡುವಾಗ ಬಾಗಿಲ ಹತ್ತಿರ ಒಂದು ಬುಟ್ಟಿ ಇರುತ್ತದೆ. ನಮ್ಮ ಸೋಫಾ ಗೋಡೆಗೆ ತಳ್ಳಿ, ಪಕ್ಕದ ಮನೆಯಿಂದ ಕುರ್ಚಿ ತಂದು ನಾವೂ ಮಾಡಿದೆವು. ಬೀದಿಯವರು ಬಂದರು, ಪರಿಚಯದ ಕನ್ನಡದವರು ಬಂದರು. ಜನರ ಉಸಿರಿಗೆ ಕೋಣೆ ಬೆಚ್ಚಗಾಗಿ ಕರುಳಿನ ತಂತಿಗಳ ಶ್ರುತಿ ಇಳಿಯುತ್ತಲೇ ಇತ್ತು. ಪ್ರತಿ ತುಣುಕು ಮುಗಿದ ಮೇಲೂ ಅವಳು ಬಿರಡೆ ತಿರುಗಿಸುತ್ತಾ ಕೂರಬೇಕಾಯಿತು. ಆ ಬಿಡುವಿನಲ್ಲೇ ಎದುರು ಮನೆಯ ಅಜ್ಜ ಎದ್ದು ಹೋಗಿ ಕಮಾನನ್ನು ಹತ್ತಿರದಿಂದ ನೋಡಿದರು. ಆಯ್ಕೆಯಾದ ಕಮಾನನ್ನು ಮಾಡಿದವರು ಆ ಸಂಜೆಗಾಗಿ ಅವಳ ಬಳಿಯೇ ಬಿಟ್ಟಿದ್ದರು. "ಇದು ನಮ್ಮ ಲೆಟರ್‌ಹೌಟ್!" ಅಂದರು ಅಜ್ಜ. ಸ್ನೇಕ್‌ವುಡ್‌ಗೆ ಡಚ್ ಭಾಷೆಯಲ್ಲಿ ಆ ಹೆಸರು. ಅವರು ಹುಟ್ಟಿದ್ದು ಸುರಿನಾಮಿನ ಪರಮಾರಿಬೊದಲ್ಲಿ. ಅವರ ಹಿರಿಯರನ್ನು ಡಚ್ಚರು ಉತ್ತರ ಭಾರತದಿಂದ ಕಬ್ಬಿನ ತೋಟಕ್ಕೆ ಕೂಲಿಗೆ ಒಯ್ದಿದ್ದರು. 1873ರಲ್ಲಿ ಮೊದಲ ಹಡಗು ಹೋಯಿತು, 1916ರೊಳಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಗೆ ಹೋದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಎಷ್ಟೋ ಕುಟುಂಬಗಳು ಇಲ್ಲಿಗೆ ಬಂದವು. ಹೇಗ್‌ನಲ್ಲಿ ಅವರದ್ದೇ ದೊಡ್ಡ ಸಮುದಾಯ ಇದೆ. ತಮ್ಮ ತಾತ ಈ ಮರದ ಊರುಗೋಲು ಇಟ್ಟುಕೊಂಡಿದ್ದರು ಅಂತ ಅಜ್ಜ ಎಲ್ಲರಿಗೂ ಹೇಳಿದರು. ಮಿಕ್ಕವರು ಹತ್ತು, ಇಪ್ಪತ್ತು ಹಾಕಿದ ಬುಟ್ಟಿಗೆ ಅವರು ನೂರರ ನೋಟು ಹಾಕಿದರು. ಫ್ರೆಂಚ್ ಸಂಗೀತ ಹಿಡಿಸಿತಾ ಅಂತ ಕೇಳಿದ್ದಕ್ಕೆ, "ಪರವಾಗಿಲ್ಲ, ಸ್ವಲ್ಪ ಉದ್ದ" ಅಂದರು.

ಇನ್ನೊಂದು ದಾರಿ ತೋರಿಸಿದ್ದು ನಮ್ಮಮ್ಮ. "ಇವಳ ಮದುವೆಗೆ ಮುಯ್ಯಿ ಹಾಕುವವರು ಈಗಲೇ ಹಾಕಲಿ. ಆಮೇಲೆ ಮದುವೆ ಆಗ್ತಾಳೋ ಬಿಡ್ತಾಳೋ ಯಾರಿಗೆ ಗೊತ್ತು" ಅಂದರು. ಅಕ್ಕನಿಗೆ ಸಿಟ್ಟು ಬಂತು, ಹುಡುಗಿಗೆ ಖುಷಿಯಾಯಿತು. ಅಮ್ಮ ಮಾತ್ರ ಹೇಳಿ ಸುಮ್ಮನಾಗಲಿಲ್ಲ. ಉದ್ದನೆ ನೋಟ್‌ಬುಕ್ ತೆಗೆದು ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದು ಮುಂದೆ 10,001 ಅಂತ ಹಾಕಿ, ಅದರ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದರು. ಅದಾದ ಮೇಲೆ ಯಾರು ಸುಮ್ಮನಿರೋಕಾಗುತ್ತೆ, ಹೇಳಿ? ಸೋದರಮಾವ 25,001. ಹಾಸನದ ದೊಡ್ಡಮ್ಮ 5,001. ಕಮಾನು ಅಂದರೆ ಏನು ಅಂತ ಒಬ್ಬರೂ ಕೇಳಲಿಲ್ಲ. ಟ್ರಸ್ಟಿನವರು ಕೇಳಿದ್ದ ಯಾವ ಪ್ರಶ್ನೆಯೂ ಇಲ್ಲಿ ಬರಲಿಲ್ಲ.

ಮುಯ್ಯಿ ದಾನವಲ್ಲ, ನಮಗೆಲ್ಲ ಗೊತ್ತಿರುವುದೇ. ಯಾರು ಎಷ್ಟು ಹಾಕಿದರು ಅನ್ನುವುದು ಪುಸ್ತಕದಲ್ಲಿ ಇರುತ್ತದೆ, ಅವರ ಮನೆಯ ಕಾರ್ಯ ಬಂದಾಗ ಒಂದು ಕೈ ಹೆಚ್ಚಿಗೆ ವಾಪಸ್ ಹೋಗಬೇಕು. ಅರ್ಜಿ ಇಲ್ಲ, ಬಡ್ಡಿ ಇಲ್ಲ, ಗಡುವೂ ಇಲ್ಲ. ಹಾಗಂತ ಮರೆಯುವ ಹಾಗೂ ಇಲ್ಲ. ನನಗೆ ಇದೇ ಇಷ್ಟವಾಗಿದ್ದು. ಹುಡುಗಿಯ ಕೈಗೆ ಭಿಕ್ಷೆ ಬೀಳಲಿಲ್ಲ, ಬಂಧುಗಳ ಲೆಕ್ಕದ ಪುಸ್ತಕದಲ್ಲಿ ಅವಳಿಗೂ ಒಂದು ಪುಟ ಸಿಕ್ಕಿತು.

ಈಗ ಯಾರಾದರೂ ಇದೇ ದಾರಿಯಲ್ಲಿದ್ದು ಕೇಳಿದರೆ ನಾನು ಹೇಳುವುದು ಇದು: ವಾದ್ಯ ಎರವಲಾದರೂ ಪರವಾಗಿಲ್ಲ, ಕಮಾನು ಮಾತ್ರ ಮಗುವಿನ ಸ್ವಂತದ್ದಾಗಿರಲಿ. ಸುಮಾರಾದ ಗಾಂಬಾಕ್ಕೇ ಇದರ ಹಲವು ಪಟ್ಟು ಹಣ ಬೇಕು. ಕಲಿಯುವ ಹೊತ್ತಿನಲ್ಲಿ ಅದು ನಮ್ಮ ಕೈಗೆಟುಕುವ ಮಾತಲ್ಲ, ಬಾಡಿಗೆಗೆ ಸಿಗುವುದೂ ಅದೇ. ಬಾಡಿಗೆಯದನ್ನು ಒಂದು ದಿನ ವಾಪಸ್ ಕೊಟ್ಟು ಬೇರೊಂದಕ್ಕೆ ಹೋಗುವಾಗ ಕೈ ಗಲಿಬಿಲಿಯಾಗದಿರಬೇಕಾದರೆ ಬಲಗೈಯಲ್ಲಿರುವುದು ರೂಢಿಯಾದ ಅದೇ ಕಮಾನಾಗಿರಬೇಕು. ನಮ್ಮ ಹುಡುಗಿಯ ಟೀಚರ್ ಇದನ್ನು ಪೂರ್ತಿ ಒಪ್ಪುವುದಿಲ್ಲ. ತೀರಾ ಬೇಗ ಒಳ್ಳೆಯ ಕಮಾನು ಸಿಕ್ಕರೆ, ಕೈ ಮಾಡಬೇಕಾದ ಕೆಲಸವನ್ನು ಅದೇ ಮಾಡಿಬಿಡುತ್ತದೆ ಅನ್ನುತ್ತಾರೆ. ಹಾಗಾಗಿ ಮೊದಲ ವರ್ಷಕ್ಕೆ ಬೇಡ. ಕೈ ನೋಯಲು ಶುರುವಾಗುವವರೆಗೆ ಕಾಯುವುದೂ ಬೇಡ.

ಖರ್ಚು ಕಮಾನಿಗೇ ಮುಗಿಯುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಕುದುರೆ ಕೂದಲು ಬದಲಾಯಿಸಬೇಕು, ವಿಮೆ ಕಟ್ಟಬೇಕು, ರಾಳ ತರಬೇಕು. ಅದೆಲ್ಲ ಅವಳ ಜವಾಬ್ದಾರಿ ಅಂತ ಮೊದಲೇ ಮಾತಾಗಿತ್ತು. ಶನಿವಾರ ಬೆಳಿಗ್ಗೆ ಇಲ್ಲಿಯ ಕನ್ನಡದ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಾಳೆ, ಪೆಟ್ಟಿಗೆಯಲ್ಲಿಟ್ಟಿದ್ದ ಪಿಟೀಲು ಹಾಗೆ ಹೊರಗೆ ಬಂತು. ಹೋದ ತಿಂಗಳು ಸೋದರಮಾವನ ಮಗನ ಉಪನಯನಕ್ಕೆ ಮೊದಲ ಮುಯ್ಯಿಯನ್ನು ಅವಳ ದುಡ್ಡಿನಲ್ಲೇ ತೀರಿಸಿದೆವು. ಅದರ ಮರುದಿನವೇ ನನ್ನ ಹತ್ತಿರ ಬಂದು, ಹಳೆಯ ಇಂಗ್ಲಿಷ್ ಸಂಗೀತಕ್ಕೆ ಈ ಫ್ರೆಂಚ್ ಕಮಾನು ಸ್ವಲ್ಪ ಉದ್ದ ಆಗುತ್ತೆ ಚಿಕ್ಕಮ್ಮ, ಗಿಡ್ಡದೊಂದು ಇದ್ದರೆ ಅಂತ ರಾಗ ಎಳೆದಳು. ಶನಿವಾರದ ಕ್ಲಾಸಿಗೆ ಇನ್ನೂ ನಾಲ್ಕು ಮಕ್ಕಳನ್ನು ಸೇರಿಸಿಕೋ ಅಂದೆ.